ವಿದ್ಯುನ್ಮಾನ ಸಂಗೀತಗಾರರ ಸೃಷ್ಟಿಕ್ರಮ: ಒಂದು ವಿವೇಚನೆ

ಸಂಗೀತವನ್ನು ಕುರಿತು ಸಂಗೀತಗಾರರೇ ಆಡುವ ಮಾತಿಗೆ ನಮ್ಮ ವಿದ್ಯಾಲಯಗಳಲ್ಲಿ ಸಲ್ಲಬೇಕಾದಷ್ಟು ಗಮನ ಸಲ್ಲುತ್ತಿಲ್ಲ. ಲಕ್ಷಣಗ್ರಂಥಗಳನ್ನು ಓದಿಸುತ್ತೇವೆ, ಕಛೇರಿಗಳನ್ನು ಕೇಳಿಸುತ್ತೇವೆ, ಆದರೆ ಕೃತಿಯೊಂದು ಹುಟ್ಟುವಾಗ ಅದರ ಕರ್ತೃವಿನ ಕಿವಿಯೂ ಕೈಯೂ ಏನು ಮಾಡುತ್ತವೆ ಎಂಬುದನ್ನು ವಿಚಾರಿಸುವುದು ವಿರಳ. ವಿದ್ಯುನ್ಮಾನ ಸಾಧನಗಳಿಂದ ನಾದವನ್ನು ನಿರ್ಮಿಸುವವರ, ಮತ್ತು ವಾದ್ಯವೆನಿಸದ ವಸ್ತುಗಳಿಂದ ಸಂಗೀತವನ್ನು ಹೊರಡಿಸುವವರ ವಿಷಯದಲ್ಲಂತೂ ಈ ಉಪೇಕ್ಷೆ ಇನ್ನೂ ಹೆಚ್ಚು. ಅವರು ತಮ್ಮ ಕೆಲಸವನ್ನು ವಿವರಿಸತೊಡಗಿದರೆ ರಾಗತಾಳಗಳ ಹೆಸರಿಗೆ ಬದಲಾಗಿ ತಂತಿ, ಗುಂಡಿ, ವಿದ್ಯುತ್ತಿನ ಒತ್ತಡ ಎಂಬ ಮಾತುಗಳೇ ಕೇಳಿಬರುತ್ತವೆ. ಇದು ಯಂತ್ರದ ಕೆಲಸವಲ್ಲವೆ, ಇದರಲ್ಲಿ ಸೃಷ್ಟಿಯೆಲ್ಲಿ, ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರವನ್ನು ಅರಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿಷಯ ಹೊಸದಾದುದರಿಂದ ಪರಿಚಿತವಾದ ಒಂದು ದೃಷ್ಟಾಂತದಿಂದ ಆರಂಭಿಸುತ್ತೇವೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿರುವ ಸೂಳೆಕೆರೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಶಾಂತಿಸಾಗರವೆಂಬ ಹೆಸರೂ ಅದಕ್ಕುಂಟು. ಎರಡು ಗುಡ್ಡಗಳ ನಡುವಣ ಕಂಡಿಯಲ್ಲಿ ಹರಿದ್ರಾ ನದಿಗೆ ಅಡ್ಡಲಾಗಿ ಏರಿಯನ್ನು ಕಟ್ಟಿ ಈ ಕೆರೆಯನ್ನು ನಿರ್ಮಿಸಿದ್ದಾರೆ. ನೀರಿನ ಹರವಿಗೆ ಹೋಲಿಸಿದರೆ ಏರಿ ಬಹು ಮೊಟಕು. ಅದರ ದಪ್ಪವೂ ದಾರ್ಢ್ಯವೂ ಮಾತ್ರ ಅಸಾಧಾರಣ. ಏರಿಯ ಹಿಂದೆ ಕಣ್ಣಿಗೆ ಕಾಣುವಷ್ಟು ದೂರವೂ ನೀರು ನಿಂತಿದ್ದರೂ ಗದ್ದೆಗಳಿಗೆ ಅದು ಹರಿಯುವುದು ಸಿದ್ಧನಾಲೆ, ಬಸವನಾಲೆ ಎಂಬ ಎರಡು ಮಾರ್ಗಗಳಿಂದ. ನಮ್ಮ ಕೆರೆಸೀಮೆಯ ಹಳ್ಳಿಗಳಲ್ಲಿ ತೂಬನ್ನು ತೆರೆದು ಮುಚ್ಚುವವನಿಗೆ ನೀರುಗಂಟಿಯೆಂದು ಹೆಸರು. ನೀರನ್ನು ಅವನು ಸೃಷ್ಟಿಸುವುದಿಲ್ಲ. ಆದರೂ ಯಾವ ಗದ್ದೆಗೆ, ಯಾವಾಗ, ಎಷ್ಟು ಹೊತ್ತು ಎಂಬ ಅವನ ವಿವೇಕವನ್ನೇ ಬೆಳೆ ಅವಲಂಬಿಸಿರುತ್ತದೆ.

ವಿದ್ಯುನ್ಮಾನ ಸಂಗೀತದ ಮುಖ್ಯಕ್ರಮವೊಂದು ಇದಕ್ಕೆ ತೀರ ಸಮೀಪವಾದುದು. ಯಾವ ನಾದವೂ ಒಂಟಿಯಲ್ಲವೆಂಬುದು ಧ್ವನಿಶಾಸ್ತ್ರದ ಮೊದಲ ಪಾಠ. ಮೂಲಸ್ವರವೊಂದು ಸೆಕೆಂಡಿಗೆ 100 ಸಲ ಕಂಪಿಸಿದರೆ, ಅದರೊಡನೆ 200, 300, 400 ಕಂಪನಗಳ ಮೇಲಣ ಸ್ವರಗಳೂ ಸೂಕ್ಷ್ಮವಾಗಿ ಕೂಡಿರುತ್ತವೆ. ಇವನ್ನು ಅಧಿಸ್ವರಗಳೆಂದು ಕರೆಯೋಣ. ಇವುಗಳ ಬಲಾಬಲಗಳಲ್ಲಿರುವ ಭೇದವೇ ವೀಣೆಗೂ ಕೊಳಲಿಗೂ ನಮಗೆ ಕೇಳಿಸುವ ಭೇದಕ್ಕೆ ಒಂದು ಮುಖ್ಯ ಕಾರಣ. ವಿದ್ಯುನ್ಮಾನ ಯಂತ್ರದಲ್ಲಿ ಮೊದಲು ಅಧಿಸ್ವರಗಳು ತುಂಬಿರುವ ಒಂದು ಸ್ಥೂಲನಾದವನ್ನು ಹುಟ್ಟಿಸುತ್ತಾರೆ. ಇದು ತುಂಬಿದ ಕೆರೆ. ಬಳಿಕ ಶೋಧಕವೆಂಬ ಭಾಗದ ಮೂಲಕ ಅವುಗಳಲ್ಲಿ ಕೆಲವನ್ನು ಮಾತ್ರ ಹೊರಬಿಡುತ್ತಾರೆ, ಇದು ತೂಬು. ನಾದವು ಥಟ್ಟನೆ ಏಳಬೇಕೋ ಮೆಲ್ಲನೆ ಏಳಬೇಕೋ, ಎಷ್ಟು ಕಾಲ ನಿಂತು ಹೇಗೆ ಅಡಗಬೇಕು ಎಂಬುದನ್ನು ಇನ್ನೊಂದು ಭಾಗ ನಿಯಮಿಸುತ್ತದೆ. ಇದು ನೀರುಗಂಟಿಯ ಕೈಚಳಕ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ರೂಪಿಸಿದ ಸಾಧನದ ಹಿರಿಮೆಯೆಂದರೆ, ಈ ತೂಬುಗಳನ್ನು ವಿದ್ಯುತ್ತಿನ ಒತ್ತಡದಿಂದಲೇ ತೆರೆದು ಮುಚ್ಚುವಂತೆ ಮಾಡಿದ್ದು. ಹೀಗೆ ಒಂದು ನಾದವು ಮತ್ತೊಂದನ್ನು ಆಳುವುದು ಸಾಧ್ಯವಾಯಿತು.

ಆದರೆ ದೃಷ್ಟಾಂತಕ್ಕೂ ಮಿತಿಯುಂಟು. ಎಲ್ಲ ವಿದ್ಯುನ್ಮಾನ ಸಂಗೀತವೂ ಕೆರೆಯಿಂದ ನೀರು ಬಿಡುವ ಕ್ರಮದ್ದಲ್ಲ. ಜರ್ಮನಿಯ ಕಲೋನ್ ನಗರದ ಆಕಾಶವಾಣಿಯಲ್ಲಿ 1951ರಲ್ಲಿ ಸ್ಥಾಪಿತವಾದ ಕಾರ್ಯಶಾಲೆಯಲ್ಲಿ ಸ್ಟಾಕ್‌ಹೌಸೆನ್ 1953ರಲ್ಲಿ ಅಧಿಸ್ವರವೇ ಇಲ್ಲದ ಶುದ್ಧ ಸ್ವರಗಳನ್ನು ಒಂದರ ಮೇಲೊಂದು ಕೂಡಿಸಿ ಕೃತಿಯನ್ನು ರಚಿಸಿದರು. ಇದು ಹನಿಹನಿಯಾಗಿ ಕೆರೆಯನ್ನು ತುಂಬಿಸುವ ಕ್ರಮ. ಪ್ಯಾರಿಸ್ಸಿನಲ್ಲಿ 1948ರಲ್ಲಿ ಪಿಯೇರ್ ಶೆಫೇರ್ ರೈಲುಬಂಡಿಯ ಸದ್ದುಗಳನ್ನು ಮುದ್ರಿಸಿಕೊಂಡು, ಅವನ್ನೇ ಕತ್ತರಿಸಿ ಜೋಡಿಸಿ ಕೃತಿಯಾಗಿಸಿದರು; ಇದು ಲೋಕದಲ್ಲಿ ಹರಿಯುತ್ತಿರುವ ಹಳ್ಳವನ್ನೇ ತಿರುಗಿಸಿಕೊಳ್ಳುವ ಕ್ರಮ. ಕ್ರಮ ಯಾವುದಾದರೂ ಆಗಲಿ, ಏನನ್ನು ಬಿಡಬೇಕು, ಏನನ್ನು ತಡೆಯಬೇಕು ಎಂಬ ನಿರ್ಣಯ ಮಾತ್ರ ಮನುಷ್ಯನದು.

ಈ ನಿರ್ಣಯ ನಮಗೆ ಹೊಸದೆಂದು ಯಾರೂ ಭಾವಿಸಬಾರದು. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಒಂದು ಸಣ್ಣ ನೂಲನ್ನು ಇರಿಸುವುದನ್ನು ಎಲ್ಲರೂ ಕಂಡಿದ್ದಾರೆ. ಅದಕ್ಕೆ ಜೀವವೆಂದು ಹೆಸರು. ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ಅಧಿಸ್ವರಗಳು ಅರಳುತ್ತವೆ. ಇನ್ನಷ್ಟು ಸರಿಸಿದರೆ ಮುದುಡುತ್ತವೆ. ತಂತಿಯನ್ನು ಮೀಟಿದ ಸ್ಥಳದ ಕಾರಣದಿಂದ ಕೇಳಿಸಲಾಗದೆಂದು ಪಾಶ್ಚಾತ್ಯ ನಿಯಮ ಹೇಳುವ ಅಧಿಸ್ವರಗಳೂ ನಮ್ಮ ತಂಬೂರಿ ವೀಣೆಗಳಲ್ಲಿ ಬಲವಾಗಿ ಕೇಳಿಸುತ್ತವೆಂಬುದನ್ನೂ, ಅದಕ್ಕೆ ಕುದುರೆಯ ಬಾಗಿದ ಮೈಯೇ ಕಾರಣವೆಂಬುದನ್ನೂ ಚಂದ್ರಶೇಖರ ವೆಂಕಟರಾಮನ್ನರು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ತಂಬೂರಿಯನ್ನು ಶ್ರುತಿ ಮಾಡುವ ಶಿಷ್ಯನು ಗುಂಡಿ ತಿರುಗಿಸುವ ವಿದ್ಯುನ್ಮಾನ ಸಂಗೀತಗಾರನಿಗೆ ಜ್ಞಾತಿಯೇ ಸರಿ.

ಅದೇ ತಂಬೂರಿ ನಮ್ಮ ನಾಡಿನಲ್ಲಿಯೇ ವಿದ್ಯುನ್ಮಾನರೂಪವನ್ನು ಪಡೆಯಿತು. ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣರು 1979ರಲ್ಲಿ ಬೆಂಗಳೂರಿನಲ್ಲಿ ವಿದ್ಯುನ್ಮಾನ ತಂಬೂರಿಯನ್ನು ಹೊರತಂದರು. ಪ್ರವಾಸದಲ್ಲಿ ಒಡೆಯುವ ಬುರುಡೆಯಿಲ್ಲ, ಹವೆಗೆ ಸಡಿಲುವ ತಂತಿಯಿಲ್ಲ. ಶ್ರುತಿಯೂಡಲು ಸಹಾಯಕರಿಲ್ಲದೆ ಮನೆಯಲ್ಲಿ ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಇದರಿಂದಾದ ಉಪಕಾರ ದೊಡ್ಡದು. ಆದರೆ ಒಂದು ನಷ್ಟವನ್ನೂ ಹೇಳಲೇಬೇಕು. ತಂಬೂರಿಯನ್ನು ಶ್ರುತಿಗೂಡಿಸುವ ಶ್ರಮವೇ ಕಿವಿಗೆ ಮೊದಲ ಶಿಕ್ಷಣವಾಗಿದ್ದಿತು. ಸಿದ್ಧಶ್ರುತಿಯನ್ನು ಪಡೆದವನು ಆ ಪಾಠವನ್ನು ಬಿಟ್ಟುಬಿಡುವ ಅಪಾಯವುಂಟು. ತಪ್ಪು ಯಂತ್ರದ್ದಲ್ಲ, ತೂಬಿನ ಬಳಿ ನಿಲ್ಲುವವನೇ ಇಲ್ಲದಿರುವುದು ತಪ್ಪು.

ಈಗ ಸಂಗೀತಗಾರರ ಮಾತಿಗೆ ಬರೋಣ. ಗೀತಾ ಸಾರಾಭಾಯಿಯವರು 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್‌ರಿಂದ ಪಾಶ್ಚಾತ್ಯ ಸಂಗೀತವನ್ನು ಕಲಿತರು; ಪ್ರತಿಯಾಗಿ ಭಾರತೀಯ ಸಂಗೀತವನ್ನು ಅವರಿಗೆ ಕಲಿಸಿದರು. ಸಂಗೀತದ ಪ್ರಯೋಜನವೇನೆಂದು ಕೇಜ್ ಕೇಳಿದಾಗ, ಮನಸ್ಸನ್ನು ಶಾಂತಗೊಳಿಸಿ ದೈವೀ ಪ್ರಭಾವಕ್ಕೆ ಒಡ್ಡುವುದೆಂದು ತಮ್ಮ ಗುರುಗಳಿಂದ ಕೇಳಿದ್ದನ್ನು ಆಕೆ ತಿಳಿಸಿದರು. ಈ ಮಾತನ್ನು ಕೇಜ್ ಜೀವಮಾನವೆಲ್ಲ ಸ್ಮರಿಸುತ್ತಿದ್ದರು. 1951ರಲ್ಲಿ ಹಾರ್ವರ್ಡಿನ ನಿಶ್ಶಬ್ದಕೋಣೆಯನ್ನು ಹೊಕ್ಕಾಗಲೂ ಎರಡು ಸದ್ದುಗಳು ತಮಗೆ ಕೇಳಿಸಿದುವೆಂದೂ, ಅವು ತಮ್ಮ ದೇಹದವೇ ಎಂದು ತಿಳಿಯಿತೆಂದೂ ಅವರು ಹೇಳಿದ್ದಾರೆ. ಮೌನವೆಂಬುದು ಶೂನ್ಯವಲ್ಲ, ನಾವು ಲಕ್ಷ್ಯವಿಡದ ಧ್ವನಿಗಳ ಸಮೂಹವೆಂಬುದೇ ಅವರು ತಳೆದ ನಿಲುವು. ಮುಂದೆ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್‌ರ ನೆರವಿನಿಂದ ಮೂಗ್ ಯಂತ್ರವುಳ್ಳ ಕಾರ್ಯಶಾಲೆ ಏರ್ಪಟ್ಟಿತು. ಅಲ್ಲಿ ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮ, ಜಿನರಾಜ್ ಜೋಶಿಪುರ ಮೊದಲಾದವರು ಮುದ್ರಿಸಿದ ಸುರುಳಿಗಳು ಬಹುಕಾಲ ಮರೆತುಹೋಗಿದ್ದು, ಪಾಲ್ ಪರ್ಗಾಸ್‌ರ ಪರಿಶ್ರಮದಿಂದ 2023ರಲ್ಲಿ ಪ್ರಕಟವಾದವು.

ಕನ್ನಡಿಗರಿಗೆ ಇನ್ನೂ ಹತ್ತಿರದ ನಿದರ್ಶನ ಬಿ. ವಿ. ಕಾರಂತರದು. 1929ರಲ್ಲಿ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿದ ಅವರು ಗುಬ್ಬಿ ಕಂಪನಿಯಲ್ಲಿ ಬೆಳೆದರು. ಕಾಶಿಯಲ್ಲಿ ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತರು. ಅವರ ಬಳಿ ವಿದ್ಯುನ್ಮಾನ ಯಂತ್ರವಿರಲಿಲ್ಲ. ಪ್ರಯೋಗಬುದ್ಧಿ ಮಾತ್ರ ಅದೇ. ವಾದ್ಯವೆಂದು ಯಾರೂ ಎಣಿಸದ ಸಾಮಾನ್ಯ ವಸ್ತುಗಳಿಂದ ಅವರು ರಂಗಕ್ಕೆ ಬೇಕಾದ ನಾದವನ್ನು ಹೊರಡಿಸಿದರು. ನಾಟಕದ ಸಂಗೀತವು ಹಾಡಿನ ಅಲಂಕಾರವಲ್ಲ, ನಟನ ಮಾತು, ಚಲನೆ, ಮೌನಗಳೊಡನೆ ಬೆರೆತು ಕ್ರಿಯೆಯ ಅಂಗವೇ ಆಗಬೇಕೆಂಬುದು ಅವರ ಕೆಲಸದ ತಿರುಳು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕಾಗಿ 1976 ಮತ್ತು 1977ರ ರಾಷ್ಟ್ರಪ್ರಶಸ್ತಿಗಳು ಅವರಿಗೆ ಸಂದುವು. ಅವರು ಹೇಳಿ ವೈದೇಹಿಯವರು ಬರೆದುಕೊಂಡ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ ಎಂಬ ಆತ್ಮಕಥನವನ್ನು ಈ ದೃಷ್ಟಿಯಿಂದ ಓದುವುದು ಪ್ರಯೋಜನಕರ.

ಈ ಎಲ್ಲರ ನಡೆನುಡಿಗಳಲ್ಲಿ ಎರಡು ಅಂಶಗಳು ಸಮಾನವಾಗಿವೆ. ಮಾಡುವುದಕ್ಕಿಂತ ಮೊದಲು ಕೇಳುವುದು ಒಂದು. ದೊರೆತುದರಲ್ಲಿ ಬಹುಭಾಗವನ್ನು ಬಿಡುವುದು ಇನ್ನೊಂದು. ಆದರೆ ಕಲಾವಿದನ ಮಾತನ್ನು ಪ್ರಮಾಣವೆಂದು ಕುರುಡಾಗಿ ಸ್ವೀಕರಿಸಲಾಗದು. ಕಲೋನಿನ ಕಾರ್ಯಶಾಲೆಯವರು ಯಂತ್ರಜನ್ಯ ನಾದವೇ ಶುದ್ಧವೆಂದು ಪ್ಯಾರಿಸ್ಸಿನವರೊಡನೆ ವಾದಿಸುತ್ತಿದ್ದರು. ಆದರೆ ಅದೇ ಕಾರ್ಯಶಾಲೆಯಲ್ಲಿ 1956ರಲ್ಲಿ ಸ್ಟಾಕ್‌ಹೌಸೆನ್ ಬಾಲಕನೊಬ್ಬನ ಕಂಠವನ್ನು ಯಂತ್ರನಾದದೊಡನೆ ಬೆಸೆದರು. ಸಿದ್ಧಾಂತ ಹಿಂದುಳಿಯಿತು, ಕಿವಿ ಮುಂದೆ ಹೋಯಿತು. ಆದುದರಿಂದ ಮಾತನ್ನೂ ಕೃತಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಅವು ಎಲ್ಲಿ ಹೊಂದುತ್ತವೆ, ಎಲ್ಲಿ ಬೇರೆಯಾಗುತ್ತವೆಂಬುದನ್ನು ನೋಡುವುದೇ ಸಂಶೋಧಕನ ಕರ್ತವ್ಯ.

ಈ ವಿಚಾರದಿಂದ ಅಧ್ಯಾಪಕರಿಗೆ ಆಗಬೇಕಾದ ಪ್ರಯೋಜನವೂ ಉಂಟು. ಇಂದು ವಿದ್ಯಾರ್ಥಿಯ ಜೇಬಿನ ದೂರವಾಣಿಯಲ್ಲಿಯೇ ಧ್ವನಿಯನ್ನು ಮುದ್ರಿಸುವ, ಕತ್ತರಿಸುವ, ಶೋಧಿಸುವ ಸಾಮರ್ಥ್ಯವೆಲ್ಲ ಅಡಗಿದೆ. ಹಿಂದಿನವರು ಒಂದು ಕಾರ್ಯಶಾಲೆಗಾಗಿ ಸಮುದ್ರ ದಾಟಿದರು. ಇಂದಿನವರಿಗೆ ಕೆರೆ ತುಂಬಿ ಕೋಡಿ ಬಿದ್ದಿದೆ. ಕೊರತೆ ಇರುವುದು ನೀರುಗಂಟಿಯದು. ವಿದ್ಯಾರ್ಥಿಗಳನ್ನು ಒಮ್ಮೆ ಸೂಳೆಕೆರೆಯ ಏರಿಯ ಮೇಲೆ ಕರೆದೊಯ್ದು, ಕಾಲು ಗಂಟೆ ಸುಮ್ಮನೆ ನಿಲ್ಲಿಸಿ, ಕೇಳಿದ್ದನ್ನೆಲ್ಲ ಬರೆದಿಡುವಂತೆ ಹೇಳಬಹುದು: ಕಲ್ಲಿಗೆ ಬಡಿಯುವ ಅಲೆ, ನಾಲೆಯ ನೀರು, ಹಕ್ಕಿ, ರಸ್ತೆಯ ಬಸ್ಸು. ಆ ಮೇಲೆ ಅವುಗಳಲ್ಲಿ ಮೂರನ್ನು ಮಾತ್ರ ಮುದ್ರಿಸಿ ಒಂದು ನಿಮಿಷದ ರಚನೆಯನ್ನು ಮಾಡಿಸಬೇಕು. ಉಳಿದುವನ್ನು ಏಕೆ ಬಿಟ್ಟೆಯೆಂದು ಕೇಳಬೇಕು. ಸೃಷ್ಟಿಯೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಆ ಕಾರಣದಲ್ಲಿಯೇ ಇದೆ. ಅದನ್ನು ಸ್ಪಷ್ಟವಾಗಿ ಹೇಳಬಲ್ಲ ವಿದ್ಯಾರ್ಥಿಗೆ ಸಂಗೀತಗಾರರ ಮಾತೂ ಅರ್ಥವಾಗುತ್ತದೆ, ತನ್ನ ತಂಬೂರಿಯ ಶ್ರುತಿಯೂ ಕೇಳಿಸುತ್ತದೆ.