ಹಿಂದಿನಿಂದ ತಳ್ಳುವ ಗಾಡಿ

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ನಾವಿರುವ ಬೀದಿಯಲ್ಲಿ ಒಂದು ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿದೆ. ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿಯವರು 1961ರಿಂದ ಇದೇ ಮದ್ರಾಸಿನಲ್ಲಿ ತಯಾರಿಸುತ್ತಿದ್ದ ಗಾಡಿ. ಇದರ ಮೂಲವಾದ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್‌ನ ಚಾಸಿಯನ್ನೇ ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಹಾಗಾಗಿ ನಮ್ಮ ಬೀದಿಯ ಮುದುಕ ಕಾರು ಒಂದು ಸ್ಪೋರ್ಟ್ಸ್ ಕಾರಿನ ದಾಯಾದಿ. ಅದರ ಯಜಮಾನರು ಅಕ್ಟೋಬರ್ ಬಂತೆಂದರೆ ಟಾರ್ಪಾಲು ಹೊದಿಸಿಬಿಡುತ್ತಾರೆ. "ಮಳೆಯಲ್ಲಿ ಹಿಂಭಾಗ ಜಾರುತ್ತೆ ಸರ್, ರಿಯರ್ ವೀಲ್ ಡ್ರೈವ್ ಅಲ್ಲವಾ?" ಎನ್ನುತ್ತಾರೆ.

ಒಮ್ಮೆ ನಾನು, "ನಾನು ರಿಯರ್ ವೀಲ್ ಡ್ರೈವ್ ಸ್ಪೋರ್ಟ್ಸ್ ಕಾರನ್ನು ಹಿಮದಲ್ಲೇ ಓಡಿಸಿದ್ದೇನೆ" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. ನಂಬಲಿಲ್ಲ. ನೀವಾದರೂ ನಂಬಿ.

2013ರ ಬೇಸಿಗೆಯಲ್ಲಿ ಕಂಪನಿಯ ಪ್ರಾಜೆಕ್ಟ್ ಮೇಲೆ ಡೆಟ್ರಾಯಿಟ್ ಪಕ್ಕದ ಊರಿನಲ್ಲಿದ್ದೆ. ಮದುವೆಯಾಗಿರಲಿಲ್ಲ, ಕೈಯಲ್ಲಿ ಡಾಲರ್ ಆಡುತ್ತಿತ್ತು. 2007ರ ಮಾದರಿಯ ಮಾಜ್ದಾ ಮಿಯಾಟಾ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಎರಡೇ ಸೀಟು, ತೆರೆಯಬಹುದಾದ ಛಾವಣಿ, ತೂಕ ಸುಮಾರು 1,100 ಕೆ.ಜಿ. ಕನ್ನಡದ ಗೆಳೆಯರೆಲ್ಲ ಒಂದೇ ಮಾತು ಹೇಳಿದರು: "ಚಳಿಗಾಲಕ್ಕೆ ಮುಂಚೆ ಮಾರಿಬಿಡು ಮಾರಾಯ." ನಾನು ಕೇಳಲಿಲ್ಲ. ನನ್ನ ಅದೃಷ್ಟಕ್ಕೆ 2013-14ರ ಚಳಿಗಾಲ ಡೆಟ್ರಾಯಿಟ್‌ನ ದಾಖಲೆಯಲ್ಲೇ ಅತಿ ಹೆಚ್ಚು ಹಿಮ ಬಿದ್ದ ಚಳಿಗಾಲವಾಯಿತು. ಒಟ್ಟು 94.9 ಇಂಚು. ಅಂದರೆ ಹೆಚ್ಚುಕಮ್ಮಿ ಎರಡೂವರೆ ಮೀಟರ್.

ಗೆಳೆಯರ ಭಯಕ್ಕೆ ಕಾರಣವಿತ್ತು. ಈಗಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಎಂಜಿನ್ನಿನ ಭಾರವೂ ಅವುಗಳ ಮೇಲೇ ಕೂತಿರುವುದರಿಂದ ಹಿಡಿತ ಸಿಗುತ್ತದೆ. ಕೈಗಾಡಿಯನ್ನು ಮುಂದೆ ನಿಂತು ಎಳೆದರೆ ಅದು ನಮ್ಮ ಹಿಂದೆ ನೆಟ್ಟಗೆ ಬರುತ್ತದಲ್ಲ, ಹಾಗೆ. ಅದೇ ಗಾಡಿಯನ್ನು ಕೆಸರಿನಲ್ಲಿ ಹಿಂದಿನಿಂದ ತಳ್ಳಿ ನೋಡಿ, ಸ್ವಲ್ಪ ಏರುಪೇರಾದರೂ ಅಡ್ಡ ತಿರುಗುತ್ತದೆ. ರಿಯರ್ ವೀಲ್ ಡ್ರೈವ್ ಎಂದರೆ ಹಿಂದಿನಿಂದ ತಳ್ಳುವ ಗಾಡಿ. ಒಣ ರಸ್ತೆಯಲ್ಲಿ ಅದರ ಸುಖವೇ ಬೇರೆ. ಮುಂದಿನ ಚಕ್ರಕ್ಕೆ ತಿರುಗುವ ಕೆಲಸ, ಹಿಂದಿನದಕ್ಕೆ ತಳ್ಳುವ ಕೆಲಸ ಎಂದು ಪಾಲಾಗಿರುವುದರಿಂದ ಸ್ಟೀರಿಂಗ್ ಬೆಣ್ಣೆಯ ಹಾಗಿರುತ್ತದೆ. ಜಾರುವ ರಸ್ತೆಯಲ್ಲಿ ಮಾತ್ರ ಬಾಲ ತಲೆಯ ಮಾತು ಕೇಳುವುದಿಲ್ಲ.

ನನಗದು ಗೊತ್ತಾದದ್ದು ಜನವರಿಯ ಒಂದು ಬೆಳಗ್ಗೆ. ಹೆದ್ದಾರಿಯಿಂದ ಇಳಿಯುವ ದಾರಿ ಬಲಕ್ಕೆ ಬಾಗಿತ್ತು. ವೇಗ ಸ್ವಲ್ಪ ಹೆಚ್ಚಾಯಿತು ಅನ್ನಿಸಿ ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲು ತೆಗೆದೆ, ಅಷ್ಟೇ. ಎಂಜಿನ್ನು ಹಿಂದಿನ ಚಕ್ರಗಳನ್ನು ಹಿಡಿದು ನಿಧಾನ ಮಾಡಿತು, ಭಾರ ಮುಂದಕ್ಕೆ ವಾಲಿತು, ಹಗುರವಾದ ಹಿಂಭಾಗ ಹಿಡಿತ ಬಿಟ್ಟಿತು. ಗಾಡಿ ಒಂದು ಸುತ್ತು ಹಾಕಿ, ಬಂದ ದಾರಿಗೆ ಮುಖ ಮಾಡಿ ಹಿಮದ ದಿಬ್ಬಕ್ಕೆ ಒರಗಿ ನಿಂತಿತು. ಎದುರಿಗೆ ಒಂದು ಟ್ರಕ್ಕು ಹಾರ್ನ್ ಹೊಡೆಯುತ್ತಾ ಬರುತ್ತಿತ್ತು. ಅವನು ಹೇಗೋ ಪಕ್ಕಕ್ಕೆ ಸರಿದು ಹೋದ. ನನಗೆ ಒಂದು ಗೀರೂ ಆಗಲಿಲ್ಲ. ಆದರೆ ಅರ್ಧ ಗಂಟೆ ಕೈ ನಡುಗುತ್ತಿತ್ತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಮೂವತ್ತು ವರ್ಷ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಚಿಕ್ಕಮಗಳೂರಿನ ಕಡೆಯಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆಗೆ ಅವರ ರೂಟು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಾಲು ಎಲ್ಲಿತ್ತು?"

ಹೇಳಿದೆ.

"ತಿರುವಿಗೆ ಮುಂಚೆ ಬ್ರೇಕು. ತಿರುವಿನಲ್ಲಿ ಕಾಲು ಸುಮ್ಮನಿರಬೇಕು. ಬಸ್ಸೂ ಹಿಂದಿನ ಚಕ್ರದ್ದೇ ಕಣೋ. ಆಷಾಢದ ಮಳೆಯಲ್ಲಿ ನಾನೇನು ವಿಮಾನ ಓಡಿಸ್ತಿದ್ದೆನಾ?"

ಅಲ್ಲಿಯವರೆಗೆ ನನಗೆ ಇದು ಹೊಳೆದೇ ಇರಲಿಲ್ಲ. ನಮ್ಮ ಬಸ್ಸು, ಲಾರಿ, ಅಂಬಾಸಿಡರ್, ಪದ್ಮಿನಿ, ಓಮ್ನಿ, ಆಟೋರಿಕ್ಷಾ ಎಲ್ಲವೂ ಹಿಂದಿನಿಂದ ತಳ್ಳುವ ಗಾಡಿಗಳೇ. ನಮ್ಮ ಹಿರಿಯರು ಅವುಗಳಲ್ಲೇ ಮಲೆನಾಡಿನ ಮಳೆಗಾಲ ಕಳೆದವರು.

ಆ ವಾರವೇ ನಾಲ್ಕು ಚಳಿಗಾಲದ ಟೈರು ಹಾಕಿಸಿದೆ. ಸಾಮಾನ್ಯ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರು ಮೃದುವಾಗಿಯೇ ಉಳಿಯುತ್ತದೆ. ಅದರ ಮೈತುಂಬ ಬ್ಲೇಡಿನಲ್ಲಿ ಗೀರಿದಂತೆ ಸಣ್ಣ ಸೀಳುಗಳಿದ್ದು, ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಒಳಗೊಂದು ಹಿಮದ ಹರಳಿನ ಚಿಹ್ನೆ ಇರುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಚಳಿಗಾಲಕ್ಕೆ ಇಂಥ ಟೈರು ಕಾನೂನಿನಂತೆ ಕಡ್ಡಾಯ. ಮಿಷಿಗನ್‌ನಲ್ಲಿ ಅಂಥ ಕಡ್ಡಾಯವಿರಲಿಲ್ಲ, ನಾನೂ ಹಾಕಿಸಿರಲಿಲ್ಲ. ಹಾಕಿಸಿದ ಮೇಲೆ ಅದೇ ಕಾರು ಬೇರೆಯೇ ಕಾರಾಯಿತು. ಕೆಟ್ಟ ಟೈರಿನ ನಾಲ್ಕು ಚಕ್ರ ಡ್ರೈವ್ ಎಸ್‌ಯುವಿಗಳು ಹೊರಡುವಾಗ ಜೋರಾಗಿ ಹೊರಟು, ನಿಲ್ಲುವಾಗ ನಿಲ್ಲಲಾಗದೆ ಚರಂಡಿಗೆ ಇಳಿದಿದ್ದನ್ನು ಎಷ್ಟೋ ಸಲ ನೋಡಿದೆ. ಎಷ್ಟು ಚಕ್ರಗಳಿಗೆ ಶಕ್ತಿ ಹೋಗುತ್ತದೆ ಎಂಬುದು ಹೊರಡುವುದಕ್ಕೆ ಮುಖ್ಯ. ತಿರುಗುವುದಕ್ಕೂ ನಿಲ್ಲುವುದಕ್ಕೂ ಬೇಕಾದದ್ದು ಟೈರು.

ಲೆಕ್ಕ ಹಾಕಿದರೂ ಅಷ್ಟೇ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನ ಮೇಲೆ ಗಾಡಿ ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿ ತುಳಿದ ಹಿಮದ ಮೇಲೆ 50 ಮೀಟರ್ ಬೇಕಾಗಬಹುದು. ನುಣ್ಣನೆಯ ಮಂಜುಗಡ್ಡೆಯ ಮೇಲೆ ನೂರರ ಹತ್ತಿರ.

ಭಾನುವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ ಬೇಕೆಂದೇ ಗಾಡಿ ಜಾರಿಸಿ ಅಭ್ಯಾಸ ಮಾಡಿದೆ. ಎರಡನೇ ಗೇರಿನಲ್ಲಿ ಮೆಲ್ಲಗೆ ಹೊರಡುವುದು. ಬಾಲ ಎಡಕ್ಕೆ ಹೋದರೆ ಸ್ಟೀರಿಂಗ್ ಎಡಕ್ಕೇ ತಿರುಗಿಸುವುದು. ಬ್ರೇಕಿನ ಮೇಲೆ ಬೀಳದಿರುವುದು. ಗುದ್ದಬಹುದಾದ ಕಂಬವನ್ನು ನೋಡದೆ ಹೋಗಬೇಕಾದ ಜಾಗವನ್ನು ನೋಡುವುದು. ಈಗಿನ ಕಾರುಗಳಲ್ಲಿ ಜಾರುವುದನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುತ್ತದೆ. ಅಮೆರಿಕದಲ್ಲಿ ಅದು 2012ರ ಮಾದರಿಗಳಿಂದ ಕಡ್ಡಾಯ. ನನ್ನದರಲ್ಲಿ ಅದು ಇರಲಿಲ್ಲ. ನನ್ನ ಕಾಲೇ ಆ ವ್ಯವಸ್ಥೆಯಾಗಬೇಕಿತ್ತು.

ಮುಂದಿನ ನವೆಂಬರಿನಲ್ಲಿ ಅಪ್ಪ ಅಮ್ಮ ಬಂದರು. ಅಪ್ಪನಿಗೆ ಹಿಮ ನೋಡುವ ಆಸೆ, ಅದಕ್ಕಿಂತ ಹೆಚ್ಚಾಗಿ ಗಾಡಿ ನೋಡುವ ಆಸೆ. ಹಿಮ ಬಿದ್ದ ಮೊದಲ ದಿನ ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ರಸ್ತೆಗೆ ಉಪ್ಪು ಸುರಿಯುವ ಲಾರಿ ಮುಂದೆ ಹೋಗುತ್ತಿತ್ತು. ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸಾವಿರ ಅಡಿಗಿಂತ ಆಳದಲ್ಲಿ, ಉಪ್ಪಿನ ಗಣಿ ಇದೆ ಎಂದೆ. "ತಳದಲ್ಲಿರೋ ಉಪ್ಪನ್ನ ತಲೆ ಮೇಲೆ ಸುರ್ಕೊಂಡು ಗಾಡಿಗೆ ತುಕ್ಕು ಹಿಡಿಸ್ತಾರೆ ಅನ್ನು" ಎಂದು ನಕ್ಕರು. ಆಮೇಲೆ ಮಾತಿಲ್ಲ. ನನ್ನ ಪಾದವನ್ನೇ ನೋಡುತ್ತಿದ್ದರು. ಮನೆಗೆ ಬಂದ ಮೇಲೆ, "ಪರವಾಗಿಲ್ಲ. ಕಾಲು ಹಗುರ ಆಗಿದೆ" ಎಂದರು. ಎಂಜಿನಿಯರಿಂಗ್, ಎಂ.ಟೆಕ್. ಎರಡಕ್ಕೂ ಸಿಗದ ಸರ್ಟಿಫಿಕೇಟು.

ಆ ರಾತ್ರಿ ಅವರು ನನಗೆ ಅದುವರೆಗೆ ಹೇಳದ ಒಂದು ಕತೆ ಹೇಳಿದರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಜುಲೈ ಸಂಜೆ ಕೊಟ್ಟಿಗೆಹಾರದಲ್ಲಿ ಬಸ್ಸು ನಿಲ್ಲಿಸಿ, "ಇವತ್ತು ಘಾಟಿ ಇಳಿಯಲ್ಲ" ಎಂದರಂತೆ. ಮಂಜು, ಮಳೆ, ರಸ್ತೆಗೆ ಕುಸಿದ ಮಣ್ಣು. ಪ್ರಯಾಣಿಕರು ಬೈದರು. ಹಿಂದಿನ ಬಸ್ಸಿನವನು ಗೇಲಿ ಮಾಡಿ ಇಳಿದು ಹೋದ, ಸುರಕ್ಷಿತವಾಗಿ ತಲುಪಿದ ಕೂಡ. ಮಾಲೀಕರು ಅಪ್ಪನ ಅರ್ಧ ತಿಂಗಳ ಸಂಬಳ ಹಿಡಿದರು. ಆ ವರ್ಷ ನನ್ನ ಶಾಲೆಯ ಫೀಸು ತಡವಾಗಿತ್ತು. ಯಾಕೆಂದು ಗೊತ್ತಾದದ್ದು ಹದಿನೈದು ವರ್ಷದ ಮೇಲೆ, ಮಿಷಿಗನ್‌ನ ಅಡುಗೆಮನೆಯಲ್ಲಿ. "ಅವನು ತಲುಪಿದ ಅಂತ ನಾನು ಮಾಡಿದ್ದು ತಪ್ಪಾಗಲ್ಲ" ಎಂದರು ಅಪ್ಪ.

ಆ ಚಳಿಗಾಲ ದೊಡ್ಡ ಹಿಮ ಬಿದ್ದ ದಿನಗಳಲ್ಲಿ ಗಾಡಿ ಹೊರಗೆ ತೆಗೆಯಲಿಲ್ಲ. ನೆಲಕ್ಕೂ ಗಾಡಿಗೂ ಒಂದು ಗೇಣೂ ಅಂತರವಿಲ್ಲದ ಕಾರು ಆಳವಾದ ಹಿಮದಲ್ಲಿ ನೇಗಿಲಾಗುತ್ತದೆ, ಟೈರು ಯಾವುದಿದ್ದರೂ ಅಷ್ಟೇ. ಮ್ಯಾನೇಜರಿಗೆ ಮೆಸೇಜ್ ಹಾಕಿ ಮನೆಯಿಂದಲೇ ಕೆಲಸ ಮಾಡಿದೆ. 2017ರಲ್ಲಿ ವಾಪಸು ಹೊರಟಾಗ ಮಿಯಾಟಾ ಮಾರಿದೆ. ಅಡಿಭಾಗಕ್ಕೆ ತುಕ್ಕು ಹಿಡಿದಿತ್ತು, ಮೈಮೇಲೆ ಒಂದು ಡೆಂಟೂ ಇರಲಿಲ್ಲ.

ಈಗ ಚೆನ್ನೈನಲ್ಲಿ ನಮ್ಮ ಚಳಿಗಾಲವೆಂದರೆ ಈಶಾನ್ಯ ಮಾರುತದ ಮಳೆ. 2015ರ ಡಿಸೆಂಬರಿನ ಪ್ರವಾಹವನ್ನು ಕಂಡ ಈ ಊರು ಅದನ್ನು ಮರೆತಿಲ್ಲ. ಜೋರು ಮಳೆಯ ಮುನ್ಸೂಚನೆ ಬಂದರೆ ವೇಳಚೇರಿಯವರು ಕಾರುಗಳನ್ನು ಮೇಲ್ಸೇತುವೆಯ ಮೇಲೆ ತಂದು ಸಾಲಾಗಿ ನಿಲ್ಲಿಸುತ್ತಾರೆ.

ಎರಡು ವರ್ಷದ ಹಿಂದೆ ಅಂಥದ್ದೇ ಒಂದು ರಾತ್ರಿ, ಊರಿನಿಂದ ಬಂದು ನಮ್ಮ ಜೊತೆಗಿದ್ದ ಅಪ್ಪನಿಗೆ ಉಸಿರಾಟದ ತೊಂದರೆ ಶುರುವಾಯಿತು. ಆಸ್ಪತ್ರೆ ರೈಲು ಹಳಿಯ ಆಚೆ, ಟಿ. ನಗರದ ಕಡೆ. ಹತ್ತಿರದ ದಾರಿ ದುರೈಸ್ವಾಮಿ ಸಬ್‌ವೇ. ನಾನು ಅಲ್ಲಿಗೇ ಹೋದೆ. ಬೀದಿದೀಪದಲ್ಲಿ ನೀರು ಹೊಳೆಯುತ್ತಿತ್ತು. ಅಷ್ಟೇನೂ ಇಲ್ಲ ಅನ್ನಿಸಿತು. ನಮ್ಮ ಮುಂದಿನ ಆಟೋ ನುಗ್ಗಿ ಹೋಯಿತು. ಅಪ್ಪನ ಉಸಿರಿನ ಸದ್ದು ನನ್ನ ಕಿವಿಯಲ್ಲಿತ್ತು, ಕಾಲು ಆಗಲೇ ಆಕ್ಸಿಲರೇಟರ್ ಮೇಲಿತ್ತು. ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರನ್ನು ತೇಲಿಸಬಲ್ಲದು ಎಂದು ಓದಿ ತಿಳಿದವನು ನಾನು. ಆ ಕ್ಷಣ ಅದು ನೆನಪಾಗಲಿಲ್ಲ.

ಹಿಂದಿನ ಸೀಟಿನಿಂದ ಅಪ್ಪ ಒಂದೇ ಪದ ಹೇಳಿದರು: "ತಿರುಗಿಸು."

ತಿರುಗಿಸಿದೆ. ಕೋಡಂಬಾಕ್ಕಂ ಸೇತುವೆ ಹತ್ತಿ ಸುತ್ತಿಕೊಂಡು ಹೋದೆ. ಇಪ್ಪತ್ತು ನಿಮಿಷ ಹೆಚ್ಚು ಹಿಡಿಯಿತು. ಆ ಇಪ್ಪತ್ತು ನಿಮಿಷ ನನ್ನ ಬದುಕಿನಲ್ಲೇ ಉದ್ದವಾದವು. ತಿರುವಿಗೆ ಮುಂಚೆ ಬ್ರೇಕು, ತಿರುವಿನಲ್ಲಿ ಕಾಲು ಸುಮ್ಮನೆ. ಆಸ್ಪತ್ರೆಯಲ್ಲಿ ಐದು ದಿನ ಇದ್ದು ಅಪ್ಪ ಮನೆಗೆ ಬಂದರು. ಆ ರಾತ್ರಿ ಸಬ್‌ವೇಯಲ್ಲಿ ನೀರು ಎಷ್ಟಿತ್ತು ಎಂದು ಇವತ್ತಿಗೂ ನಾನು ವಿಚಾರಿಸಿಲ್ಲ. ಆಟೋದವನು ದಾಟಿರಲೂಬಹುದು.

ಈಗ ಆಫೀಸಿನ ಹುಡುಗರು, "ಸರ್, ರಿಯರ್ ವೀಲ್ ಡ್ರೈವ್ ಕಾರು ಮಳೆಯಲ್ಲಿ ಡೇಂಜರ್ ಅಂತೆ, ಹೌದಾ?" ಎಂದು ಕೇಳುತ್ತಾರೆ. ಟೈರಿನ ಗೆರೆ ಎಷ್ಟು ಆಳ ಉಳಿದಿದೆ ನೋಡಿದ್ದೀರಾ ಎಂದು ನಾನು ತಿರುಗಿ ಕೇಳುತ್ತೇನೆ. ಕಾನೂನು 1.6 ಮಿಲಿಮೀಟರ್ ಸಾಕು ಎನ್ನುತ್ತದೆ. ನಾನು ಅಲ್ಲಿಯವರೆಗೆ ಕಾಯುವುದಿಲ್ಲ. ಹೆಚ್ಚಿನವರು ಒಮ್ಮೆಯೂ ಬಗ್ಗಿ ನೋಡಿರುವುದಿಲ್ಲ.

ಬೀದಿಯ ಹೆರಾಲ್ಡ್ ಯಜಮಾನರನ್ನು ನಾನು ಈಗ ಛೇಡಿಸುವುದಿಲ್ಲ. ಮೊನ್ನೆ ಮೋಡ ಕವಿದಾಗ ಟಾರ್ಪಾಲಿನ ಇನ್ನೊಂದು ತುದಿ ಹಿಡಿದು ಕಟ್ಟಿಕೊಟ್ಟೆ. ಜಗುಲಿಯ ಮೇಲೆ ಕೂತಿದ್ದ ಅಪ್ಪ, "ಗಂಟು ಬಿಗಿಯಾಗಿ ಹಾಕು" ಎಂದರು.