ಮಂದ್ರತಂತಿಯ ದುಡಿಮೆಗಾರ

ಮದುವೆಯ ಮನೆಯಲ್ಲಿ ನಾಗಸ್ವರದ ವಿದ್ವಾಂಸನನ್ನು ಎಲ್ಲರೂ ಕಣ್ಣೆತ್ತಿ ನೋಡುವರು. ಡೋಲಿನವನ ಸುತ್ತ ಹುಡುಗರು ಮುತ್ತಿಕೊಂಡಿರುವರು. ಅವರ ಹಿಂದೆ ಕುಳಿತು ಹೊತ್ತೆಲ್ಲ ಒಂದೇ ಸ್ವರವನ್ನು ಹಿಡಿದಿರುವ ಶ್ರುತಿಯವನ ಮುಖವನ್ನು ಜ್ಞಾಪಕದಲ್ಲಿಟ್ಟುಕೊಂಡವರು ಎಷ್ಟು ಮಂದಿ? ಅವನು ನಿಲ್ಲಿಸಿದಾಗ ಮಾತ್ರ ಏನೋ ಕಳಚಿಬಿದ್ದಂತಾಗಿ ಸಭೆಯವರು ಅತ್ತ ತಿರುಗುವರು. ಪಾಶ್ಚಾತ್ಯರ ವಾದ್ಯಗೋಷ್ಠಿಗಳಲ್ಲಿ ಇಂತಹ ಸ್ಥಾನವು ಬೇಸ್ ಎಂಬ ಮಂದ್ರವಾದ್ಯವನ್ನು ನುಡಿಸುವವನಿಗೆ ಸಂದಿದೆ. ಅವನ ಕೆಲಸವಾದರೋ ಇನ್ನೂ ತೊಡಕಿನದು. ತಂಬೂರಿಯಂತೆ ಹಾಡಿಗೆ ನೆಲೆಯನ್ನು ಕೊಡಬೇಕು, ಮೃದಂಗದಂತೆ ಲಯವನ್ನೂ ಕಾಯಬೇಕು. ಇವೆರಡರ ನಡುವೆ ಎಡೆ ಸಿಕ್ಕಿದರೆ ತನ್ನದೂ ಒಂದು ಮಾತನ್ನು ಆಡಬೇಕು.

ಇದು ನಮಗೆ ಪರದೇಶದ ವಿಷಯವೇನೂ ಅಲ್ಲ. 1981ರಲ್ಲಿ ತೆರೆಕಂಡ ‘ಗೀತಾ’ ಚಿತ್ರಕ್ಕೆ ಇಳಯರಾಜರು ರಾಗಸಂಯೋಜನೆ ಮಾಡಿದ ಹಾಡುಗಳನ್ನು, ಗಾಯಕರ ಕಂಠವನ್ನು ಸ್ವಲ್ಪ ಮರೆತು, ಕಿವಿಯನ್ನು ಕೆಳಗಿನ ಸ್ಥಾಯಿಗೆ ಇಳಿಸಿ ಕೇಳಿದವರಿಗೆ ಅಲ್ಲಿ ಎರಡನೆಯದೊಂದು ಹಾಡೇ ನಡೆಯುತ್ತಿರುವುದು ಗೊತ್ತಾಗುವುದು. ಮನೆಯ ಹುಡುಗನು ಗಿಟಾರನ್ನು ಬಿಟ್ಟು ಈ ನಾಲ್ಕು ದಪ್ಪ ತಂತಿಗಳ ವಾದ್ಯವೇ ಬೇಕೆಂದು ಹಟ ಹಿಡಿದರೆ, ಅವನ ಕಿವಿ ಚೆನ್ನಾಗಿದೆಯೆಂದು ತಂದೆತಾಯಿಗಳು ತಿಳಿಯಬಹುದು. ಆದರೆ ಆ ವೃತ್ತಿಯ ಭಾರವೆಷ್ಟೆಂಬುದನ್ನೂ ತಿಳಿದಿರುವುದು ಒಳ್ಳೆಯದು.

ಭಾರವೆಂಬುದನ್ನು ಮೊದಲು ತಕ್ಕಡಿಯ ಅರ್ಥದಲ್ಲಿಯೇ ತೆಗೆದುಕೊಳ್ಳಬೇಕು. ಸ್ವರವು ಕೆಳಗಿಳಿದಷ್ಟೂ ತಂತಿಯು ಉದ್ದವಾಗಬೇಕು, ಇಲ್ಲವೆ ದಪ್ಪವಾಗಬೇಕು. ಪಿಟೀಲಿನ ಅತಿ ಕೆಳಗಿನ ತಂತಿಯು ಪಾಶ್ಚಾತ್ಯರ ಶ್ರುತಿಯಲ್ಲಿ ಸೆಕೆಂಡಿಗೆ 196 ಸಲ ಕಂಪಿಸಿದರೆ, ಬೇಸಿನ ಕೆಳಗಿನ ತಂತಿಯು ಸುಮಾರು 41 ಸಲ ಮಾತ್ರ ಕಂಪಿಸುವುದು. ಆದಕಾರಣ ಹಿಂದಿನ ಬೇಸು ಆಳೆತ್ತರದ ಪಿಟೀಲಿನಂತಿದ್ದು, ಅದನ್ನು ನೆಲಕ್ಕೂರಿ ನಿಂತುಕೊಂಡೇ ನುಡಿಸಬೇಕಾಗಿತ್ತು. ಊರಿಂದೂರಿಗೆ ಅಲೆದು ರಾತ್ರಿಯ ಕೂಲಿಗೆ ನುಡಿಸುವವನಿಗೆ ಅದೊಂದು ದೊಡ್ಡ ಸಂಸಾರವೇ ಆಗಿತ್ತು. ಇಷ್ಟು ಕಷ್ಟಪಟ್ಟು ಹೊತ್ತುತಂದರೂ ಕಹಳೆ ತಮಟೆಗಳ ಗದ್ದಲದಲ್ಲಿ ಅದರ ಧ್ವನಿಯು ಮೂರನೆಯ ಸಾಲಿಗೂ ಮುಟ್ಟುತ್ತಿರಲಿಲ್ಲ.

ಕ್ಯಾಲಿಫೋರ್ನಿಯದ ಫುಲ್ಲರ್ಟನ್ ಪಟ್ಟಣದಲ್ಲಿ ರೇಡಿಯೋ ರಿಪೇರಿಯ ಅಂಗಡಿಯಿಟ್ಟಿದ್ದ ಲಿಯೋ ಫೆಂಡರ್ ಎಂಬಾತನು 1951ರಲ್ಲಿ ಇದಕ್ಕೊಂದು ಉಪಾಯವನ್ನು ಮಾಡಿದನು. ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂಬುದು ಸ್ವಾರಸ್ಯವಾದ ಸಂಗತಿ. ಬಡಗಿಯು ಕೊರೆದ ಗಟ್ಟಿ ಹಲಗೆ. ಅದರ ಮೇಲೆ 34 ಅಂಗುಲದ ನಾಲ್ಕು ತಂತಿ. ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಅಯಸ್ಕಾಂತ. ವೀಣೆಗಿರುವಂತೆ ಮೆಟ್ಟಿಲುಗಳನ್ನು ಕೂಡಿಸಿದ್ದರಿಂದ ಬೆರಳು ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಸ್ವರವು ತಪ್ಪುತ್ತಿರಲಿಲ್ಲ. ಆ ನಿಖರತೆಯನ್ನು ಸೂಚಿಸಿಯೇ ವಾದ್ಯಕ್ಕೆ ಪ್ರಿಸಿಷನ್ ಎಂದು ಹೆಸರಾಯಿತು. ಅದನ್ನು ಹೆಗಲಿಗೆ ತೂಗುಹಾಕಿಕೊಂಡು ಬಸ್ಸು ಹತ್ತಬಹುದಾಗಿತ್ತು. ಹಳಬರು ಹಲವರು ಇದನ್ನು ಆಟಿಕೆಯೆಂದು ಜರೆದರು.

ವಾದ್ಯವು ಹಗುರಾಯಿತು, ಆದರೆ ಧ್ವನಿವರ್ಧಕದ ಪೆಟ್ಟಿಗೆಯು ಜೊತೆಗೆ ಬಂದಿತು. ಎವರೆಟ್ ಹಲ್ ಎಂಬ ಬೇಸ್ ವಾದಕನು ತನ್ನ ದೊಡ್ಡ ವಾದ್ಯದ ಕೆಳಗಿನ ಗೂಟಕ್ಕೆ ಮೈಕನ್ನು ಜೋಡಿಸಿ ಪ್ರಯೋಗ ಮಾಡಿದ್ದನು. ಧ್ವನಿ ಹೆಚ್ಚಿಸುವ ಗೂಟವೆಂಬರ್ಥದಲ್ಲಿ ಆತನ ಕಾರ್ಖಾನೆಯು ಆಂಪೆಗ್ ಎನಿಸಿಕೊಂಡಿತು. ಅಲ್ಲಿಂದ 1960ರಲ್ಲಿ ಹೊರಬಂದ ಬಿ-15 ಎಂಬ ಪೆಟ್ಟಿಗೆಯ ಯುಕ್ತಿಯನ್ನು ಗೃಹಸ್ಥರು ಮೆಚ್ಚುವರು. ಯಂತ್ರಭಾಗವನ್ನು ಮುಚ್ಚಳದೊಡನೆ ಮಗುಚಿ ಪೆಟ್ಟಿಗೆಯೊಳಗೇ ಇಳಿಸಿ ಕೊಂಡಿ ಹಾಕಿಬಿಡಬಹುದು. ಗಾಲಿಯ ಹಲಗೆಯ ಮೇಲಿಟ್ಟು ತಳ್ಳಿಕೊಂಡು ಹೋಗಬಹುದು. ಇಂದಾದರೋ ಅದರ ಹಲವು ಪಟ್ಟು ಶಕ್ತಿಯುಳ್ಳ ಯಂತ್ರಗಳು ಕೈಚೀಲದಲ್ಲಿ ಹಿಡಿಸುವಷ್ಟು ಚಿಕ್ಕವಾಗಿವೆ.

ಈ ಸಾಮಗ್ರಿಗಳನ್ನು ನಂಬಿ ಬಾಳಿದವರಲ್ಲಿ ಜೇಮ್ಸ್ ಜೇಮರ್ಸನ್ನನ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಈತನು ಅಮೆರಿಕದ ದಕ್ಷಿಣ ಕ್ಯಾರೊಲೀನದಲ್ಲಿ 1936ರಲ್ಲಿ ಹುಟ್ಟಿದ ಕರಿಯ ಜನಾಂಗದ ಹುಡುಗ. 1954ರಲ್ಲಿ ತಾಯಿಯೊಡನೆ ಮೋಟಾರು ಕಾರ್ಖಾನೆಗಳ ನಗರವಾದ ಡೆಟ್ರಾಯಿಟ್ಟಿಗೆ ಬಂದು, ಅಲ್ಲಿಯ ಹೈಸ್ಕೂಲಿನಲ್ಲಿ ದೊಡ್ಡ ಬೇಸನ್ನು ಕಲಿತನು. ಬೆರ್ರಿ ಗಾರ್ಡಿಯು 1959ರಲ್ಲಿ ಆ ನಗರದಲ್ಲಿ ಹೂಡಿದ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯಲ್ಲಿ ಜೇಮರ್ಸನ್ನನಿಗೆ ಕೆಲಸ ದೊರೆಯಿತು. ಒಂದು ಸಾಧಾರಣ ವಾಸದ ಮನೆ. ಅದಕ್ಕೆ ಸೇರಿದ ಮೋಟಾರುಕೊಟ್ಟಿಗೆಯೇ ಮುದ್ರಣಶಾಲೆ. ಸುಪ್ರೀಮ್ಸ್, ಟೆಂಪ್ಟೇಷನ್ಸ್, ಫೋರ್ ಟಾಪ್ಸ್, ಸ್ಟೀವಿ ವಂಡರ್ ಮುಂತಾದವರ ಹಾಡುಗಳು ಅಲ್ಲಿಂದ ಜಗತ್ತಿಗೆಲ್ಲ ಹರಡಿದುವು. 1964ರಲ್ಲಿ ಬಿಡುಗಡೆಯಾದ ‘ಮೈ ಗರ್ಲ್’ ಎಂಬ ಹಾಡಿನ ಆರಂಭದಲ್ಲಿ ಮೊದಲು ಕೇಳುವುದು ಜೇಮರ್ಸನ್ನನ ಬೇಸೇ.

ಆತನ ವಾದ್ಯವು 1962ರ ಒಂದು ಪ್ರಿಸಿಷನ್. ಅದಕ್ಕೆ ಹಾಕುತ್ತಿದ್ದುದು ಲಾ ಬೆಲ್ಲ ಎಂಬ ತಯಾರಿಕೆಯ ಬಹು ದಪ್ಪನಾದ ತಂತಿಗಳು. ಬೇಸಿನ ತಂತಿಗಳಲ್ಲಿ ಎರಡು ಬಗೆಯುಂಟು. ಉಕ್ಕಿನ ಒಳತಂತಿಗೆ ದುಂಡನೆಯ ಸಣ್ಣ ಎಳೆಯನ್ನು ಸುತ್ತಿದ್ದು ಒಂದು. ಚಪ್ಪಟೆಯಾದ ಪಟ್ಟಿಯನ್ನು ಸುತ್ತಿದ್ದು ಇನ್ನೊಂದು. ಮೊದಲನೆಯದು ಹೊಸದರಲ್ಲಿ ಕಂಚಿನ ಪಾತ್ರೆಯಂತೆ ಖಣಖಣಿಸುವುದು. ಬೆರಳಿನ ಎಣ್ಣೆಯೂ ಕೊಳೆಯೂ ಸುತ್ತಿನ ಸಂದಿಗಳಲ್ಲಿ ಸೇರಿಕೊಂಡು ಕೆಲವು ವಾರಗಳಲ್ಲಿ ಮಂಕಾಗುವುದು. ಬೇಸಿನ ತಂತಿಗೆ ಗಿಟಾರಿನ ತಂತಿಗಿಂತ ಹಲವು ಪಟ್ಟು ಬೆಲೆಯಿರುವುದರಿಂದ ಇದು ಬಡ ವಾದಕನಿಗೆ ಸಣ್ಣ ಮಾತಲ್ಲ. ಚಪ್ಪಟೆ ಸುತ್ತಿನದು ನುಣುಪಾಗಿದ್ದು ವರ್ಷಗಟ್ಟಲೆ ಬಾಳುವುದು. ಅದರ ನಾದವು ಕೊರಡನ್ನು ಬಡಿದಂತೆ ದುಂಡಗೆ, ಗಿಡ್ಡಗೆ ಇರುವುದು. ಜೇಮರ್ಸನ್ನನು ತಂತಿಯು ಕಡಿದುಹೋದ ಹೊರತು ಬದಲಾಯಿಸುತ್ತಿರಲಿಲ್ಲ. ವಾದ್ಯದ ಕುದುರೆಯ ಮೇಲಿನ ಲೋಹದ ಮುಚ್ಚಳವನ್ನು ಅನೇಕರು ಕಿತ್ತುಹಾಕುತ್ತಿದ್ದರು. ಆತನು ಅದನ್ನು ಹಾಗೆಯೇ ಉಳಿಸಿಕೊಂಡದ್ದರಿಂದ ಅದರಡಿಯ ಸ್ಪಂಜು ತಂತಿಗೆ ತಾಗಿ ನಾದವನ್ನು ಬೇಗ ಕಡಿಯುತ್ತಿತ್ತು. ಎಳೆಯುತ್ತಿದ್ದುದು ಬಲಗೈಯ ತೋರುಬೆರಳೊಂದರಿಂದಲೇ. ದೊಡ್ಡ ಬೇಸಿನ ಕಾಲದ ಆ ಅಭ್ಯಾಸವನ್ನು ಆತನು ಬಿಡಲೇ ಇಲ್ಲ. ಸಂಗಡಿಗರು ಆ ಬೆರಳನ್ನು ‘ಕೊಕ್ಕೆ’ಯೆಂದು ಕರೆಯುತ್ತಿದ್ದರು.

ಹಳೆಯ ತಂತಿಯ ಕೊಳೆಯಲ್ಲಿಯೇ ಆ ನಾದದ ಗುಟ್ಟಿತ್ತೆಂದು ನಂಬಿ, ತಂತಿಯನ್ನು ಒರೆಸುವುದಕ್ಕೂ ಅಂಜುವ ಭಕ್ತರು ಈಗಲೂ ಇದ್ದಾರೆ. ನಮಗೆ ಆ ನಂಬಿಕೆಯಿಲ್ಲ. ಅಜ್ಜಿಯ ಸಾರಿನ ರುಚಿಯನ್ನು ಆಕೆಯ ಕಲ್ಲುಮರಿಗೆಯಲ್ಲಿ ಹುಡುಕಿದಂತೆ ಅದು.

ಹಗಲೆಲ್ಲ ಮುದ್ರಣಶಾಲೆಯಲ್ಲಿ ದುಡಿದು, ರಾತ್ರಿ ಡೆಟ್ರಾಯಿಟ್ಟಿನ ಕ್ಲಬ್ಬುಗಳಲ್ಲಿ ಸಂಗಡಿಗರೊಡನೆ ಜಾಜ್ ನುಡಿಸುವುದು ಆತನ ದಿನಚರಿ. ಶಾಲೆಯಲ್ಲಿ ವಾದ್ಯದ ವೈರನ್ನು ನೇರವಾಗಿ ಮುದ್ರಣಯಂತ್ರಕ್ಕೆ ಜೋಡಿಸುತ್ತಿದ್ದರು. ಕ್ಲಬ್ಬಿನಲ್ಲಿ ಆಂಪೆಗ್ ಪೆಟ್ಟಿಗೆಯು ಬೇಕಾಗುತ್ತಿತ್ತು. ಸಂಸ್ಥೆಯಲ್ಲಿ ಮೊದಮೊದಲು ಹಾಡಿಗಿಷ್ಟೆಂದು ಕೂಲಿ, ಮುಂದೆ ವಾರದ ಸಂಬಳ. ತಟ್ಟೆಗಳು ಲಕ್ಷಗಟ್ಟಲೆ ಮಾರಾಟವಾದರೂ ಅವುಗಳ ಹೊದಿಕೆಯ ಮೇಲೆ ಹಾಡಿದವರ ಹೆಸರಿತ್ತೇ ಹೊರತು ನುಡಿಸಿದವರದಿರಲಿಲ್ಲ. 1970ರಲ್ಲಿ ಮಾರ್ವಿನ್ ಗೇ ಎಂಬ ಗಾಯಕನು ತನ್ನ ‘ವಾಟ್ಸ್ ಗೋಯಿಂಗ್ ಆನ್’ ಎಂಬ ಹಾಡಿಗೆ ಜೇಮರ್ಸನ್ನನೇ ಬೇಕೆಂದು ಹುಡುಕಿಸಿ, ಕ್ಲಬ್ಬಿನಿಂದ ಕರೆತಂದನೆಂದೂ, ಕುಡಿತದಿಂದ ನೆಟ್ಟಗೆ ಕೂರಲಾರದ ಆತನು ನೆಲದ ಮೇಲೆ ಮಲಗಿಯೇ ನುಡಿಸಿದನೆಂದೂ ಪ್ರತೀತಿಯಿದೆ. 1971ರಲ್ಲಿ ಅದೇ ಹೆಸರಿನ ಸಂಪುಟವು ಹೊರಬಂದಾಗ ವಾದಕರ ಹೆಸರುಗಳು ಹೊದಿಕೆಯ ಮೇಲೆ ಅಚ್ಚಾದುವು. ಅಷ್ಟರಲ್ಲಿ ಹತ್ತು ವರ್ಷಗಳಿಗೂ ಮೇಲ್ಪಟ್ಟ ದುಡಿಮೆಯು ಹೆಸರಿಲ್ಲದೆ ಸಂದುಹೋಗಿತ್ತು.

ಅದರ ಮರುವರ್ಷವೇ, ಎಂದರೆ 1972ರಲ್ಲಿ, ಸಂಸ್ಥೆಯು ಲಾಸ್ ಏಂಜಲೀಸಿಗೆ ವರ್ಗವಾಯಿತು. ಜೇಮರ್ಸನ್ನನೂ ಹಿಂದೆಯೇ ಹೋದನು. ಅಲ್ಲಿ ಗಾಳಿಯೇ ಬೇರೆ. ಹೊಳಪಿನ ನಾದ, ದುಂಡುಸುತ್ತಿನ ಹೊಸ ತಂತಿ, ಹೆಬ್ಬೆರಳಿನಿಂದ ಬಡಿಯುವ ಹೊಸ ರೀತಿ ಇವುಗಳಿಗೆ ಬೇಡಿಕೆಯಿತ್ತು. ಆತನು ತಂತಿಯನ್ನೂ ಬದಲಾಯಿಸಲಿಲ್ಲ, ರೀತಿಯನ್ನೂ ಬದಲಾಯಿಸಲಿಲ್ಲ. ಇದನ್ನು ಸ್ವಾಭಿಮಾನವೆನ್ನುವವರುಂಟು, ಹಟವೆನ್ನುವವರೂ ಉಂಟು. ಸಂಸಾರವುಳ್ಳವನ ವಿಷಯದಲ್ಲಿ ಇದು ಸುಲಭವಾಗಿ ತೀರ್ಮಾನವಾಗುವ ವ್ಯಾಜ್ಯವಲ್ಲ. ಕೆಲಸವು ಕಡಮೆಯಾಯಿತು, ಕುಡಿತವು ಹೆಚ್ಚಿತು. 1983ರಲ್ಲಿ ಸಂಸ್ಥೆಯ ಇಪ್ಪತ್ತೈದನೆಯ ವರ್ಷದ ಉತ್ಸವವು ನಡೆದಾಗ ಆತನು ಟಿಕೆಟ್ಟು ಕೊಂಡು ಪ್ರೇಕ್ಷಕರ ನಡುವೆ ಕುಳಿತಿದ್ದನೆಂದು ಆತನ ಚರಿತ್ರೆಯನ್ನು ಬರೆದವರು ಹೇಳುವರು. ಅದೇ ವರ್ಷ ಆಗಸ್ಟ್ 2ರಂದು, 47ನೆಯ ವಯಸ್ಸಿನಲ್ಲಿ, ಜೇಮರ್ಸನ್ನನು ತೀರಿಕೊಂಡನು. 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆಯು ಪಕ್ಕವಾದ್ಯದವರಿಗೆಂದು ಪ್ರತ್ಯೇಕ ಪೀಠವನ್ನು ಏರ್ಪಡಿಸಿ, ಮೊದಲ ತಂಡದಲ್ಲಿಯೇ ಆತನ ಹೆಸರನ್ನು ಸೇರಿಸಿತು.

ಆತನನ್ನು ಬಹುವಾಗಿ ಮೆಚ್ಚಿದವರಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಒಬ್ಬನು. 1961ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ರಾತ್ರಿಗಳ ಕೂಲಿಗೆ ನುಡಿಸುತ್ತಿದ್ದಾಗ ಫೆಂಡರಿನ ಬೆಲೆಯನ್ನು ತೆರಲಾರದೆ, ಸುಮಾರು 30 ಪೌಂಡಿಗೆ ಪಿಟೀಲಿನಾಕಾರದ ಹಗುರವಾದ ಹಾಫ್ನರ್ ಬೇಸೊಂದನ್ನು ಮೆಕಾರ್ಟ್ನಿಯು ಕೊಂಡನು. ಎಡಗೈಯವನಾದ್ದರಿಂದ, ಎರಡು ಮಗ್ಗುಲೂ ಒಂದೇ ತೆರನಾಗಿದ್ದ ಆ ವಾದ್ಯವನ್ನು ತಿರುಗಿಸಿ ಹಿಡಿದರೂ ಅಂದಗೆಡದೆಂಬುದು ಆತನ ಎಣಿಕೆ. 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾದ ಆ ವಾದ್ಯವು ಯಾರದೋ ಮನೆಯ ಅಟ್ಟದಲ್ಲಿ ದೊರೆತು, ಐವತ್ತೊಂದು ವರ್ಷಗಳ ಮೇಲೆ ಒಡೆಯನ ಕೈ ಸೇರಿತೆಂಬುದು 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು.

ಜೇಮರ್ಸನ್ನನ ಪ್ರಿಸಿಷನ್ ಬೇಸು ಆತನ ಮರಣಕ್ಕೆ ಕೆಲವೇ ದಿನಗಳ ಮುಂಚೆ ಮನೆಯಿಂದ ಕಳುವಾಗಿತ್ತು. ಅದು ಸಿಕ್ಕಿತೆಂಬ ಸುದ್ದಿ ಈವರೆಗೂ ಬಂದಿಲ್ಲ. ಕತ್ತು ಒಡಲನ್ನು ಕೂಡುವೆಡೆಯಲ್ಲಿ ಆತನು ‘ಫಂಕ್’ ಎಂಬ ಒಂದು ಮಾತನ್ನು ಮಸಿಯಿಂದ ಕೆತ್ತಿಕೊಂಡಿದ್ದನು.