ಚಾವಡಿಯಲ್ಲಿ ಇಳಿದ ವಿಮಾನ

ಬ್ರಹ್ಮಾವರದ ಒಂದು ಮನೆಯ ಚಾವಡಿಯ ಮಂಚದ ತುಂಬ ರಟ್ಟಿನ ಪಟ್ಟಿಗಳು. ಹಳೆ ಕ್ಯಾಲೆಂಡರಿನ ರಟ್ಟನ್ನು ಎರಡು ಬೆರಳಗಲಕ್ಕೆ ಕತ್ತರಿಸಿ, ಒಂದೊಂದರ ಮೇಲೂ ಒಂದೊಂದು ವಿಮಾನದ ಹೆಸರು, ಎತ್ತರ, ಹೊತ್ತು ಬರೆದಿದೆ. ಮನೆಮಗಳು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಏರ್ ಟ್ರಾಫಿಕ್ ಕಂಟ್ರೋಲರ್ ತರಬೇತಿಯಲ್ಲಿದ್ದಾಳೆ; ರಜೆಯಲ್ಲೂ ಅಭ್ಯಾಸ ಬಿಟ್ಟಿಲ್ಲ. ಪೈಲಟ್ ಪಾತ್ರದ ತಮ್ಮ ಅಡುಗೆಮನೆ ಬಾಗಿಲ ಮರೆಯಲ್ಲಿ. ಮುಖ ಕಾಣಬಾರದು, ದನಿಯಷ್ಟೇ.

‘ಫೈಫ್ ಟೌಸಂಡ್’ (ರೇಡಿಯೊ ಉಚ್ಚಾರದಲ್ಲಿ ಐದು ಸಾವಿರ) ಅಡಿಗೆ ಇಳಿಯಲು ಅಕ್ಕ ಹೇಳಿದಳು. ಅವನು ಅದನ್ನು ತಿರುಗಿ ಹೇಳುವಾಗ ಬೇಕೆಂದೇ ‘ಫೋವರ್ ಟೌಸಂಡ್’ ಎಂದ. ‘ನೆಗೆಟಿವ್’ ಎಂದವಳೇ ಮತ್ತೆ ಹೇಳಿದಳು.

“ಅದೆಂತಕೆ ಮಗಾ, ಒಂದ್ಸಲ ಹೇಳದ್ರ್ ಸಾಲ್ದಾ?” ಅಮ್ಮಮ್ಮನಿಗೆ ಬೇಸರ.

ಸಾಲದು. 1996ರ ನವೆಂಬರ್ 12ರಂದು ದೆಹಲಿಯ ಬಳಿ ಒಂದು ವಿಮಾನಕ್ಕೆ 14 ಸಾವಿರ ಅಡಿ, ಎದುರಿನದಕ್ಕೆ 15 ಸಾವಿರ ಎಂದು ಹೇಳಿಯಾಗಿತ್ತು. ಮೇಲಿನದು ಕೆಳಗಿಳಿದುಬಿಟ್ಟಿತು. ಚರ್ಖಿ ದಾದ್ರಿಯ ಹೊಲಗಳ ಮೇಲೆ ಎರಡೂ ಡಿಕ್ಕಿಯಾಗಿ 349 ಜನ ಸತ್ತರು.

ಬಜ್ಪೆಗೆ ಬರುವ ಮೊದಲು ಅವಳು ಕಲಿತ ಪ್ರಯಾಗರಾಜ್‌ನ ಬಮ್ರೌಲಿ ತರಬೇತಿ ಕಾಲೇಜಿಗೆ ಎಲ್ಲರೂ ಭೌತಶಾಸ್ತ್ರ ಮತ್ತು ಗಣಿತ, ಇಲ್ಲವೇ ಎಂಜಿನಿಯರಿಂಗ್ ಓದಿಯೇ ಬಂದವರು. ಎಡವುವುದು ಮಾತ್ರ ಒಬ್ಬೊಬ್ಬರು ಒಂದೊಂದು ಕಡೆ. ಇವಳದು ಅಪ್ಪಟ ಕುಂದಾಪ್ರ ಕನ್ನಡದ ಓಟ, ಮಾತಿನ ತುದಿಯೆಲ್ಲ ನುಂಗಿಹೋಗುತ್ತದೆ. ಶಿಕ್ಷಕರು ಗದರಲಿಲ್ಲ. ಅವಳ ಮಾತನ್ನೇ ರೆಕಾರ್ಡ್ ಮಾಡಿ, “ನೀನೇ ಪೈಲಟ್, ಈಗ ಕೇಳು” ಎಂದು ಹೆಡ್‌ಸೆಟ್ ಕೊಟ್ಟರು. ಬೈಂದೂರಿನ ಗೆಳತಿಯ ದನಿ ಗಂಟೆಯಷ್ಟು ಸ್ಪಷ್ಟ, ಪಟ್ಟಿ ಬರೆಯುವ ಕೈ ನಿಧಾನ. ಅವಳಿಗೆ ಸಿಮ್ಯುಲೇಟರಿನಲ್ಲಿ ಮೊದಲು ಎರಡೇ ವಿಮಾನ. ಅವು ಹಿಡಿತಕ್ಕೆ ಬಂದ ಮೇಲೆ ಮೂರನೆಯದು. ಎಲ್ಲರಿಗೂ ಒಂದೇ ನೋಟ್ಸ್ ಹಂಚುವ ನಮ್ಮ ಟ್ಯೂಷನ್‌ನವರು ಇದನ್ನೊಮ್ಮೆ ನೋಡಬೇಕಿತ್ತು.

ಬಜ್ಪೆಯಲ್ಲಿ ಈಗ ಕಾಣಿಸುವುದು ನಿಜವಾದ ವಿಮಾನಗಳು. 2020ರಲ್ಲಿ ನಿಲ್ದಾಣ ಅದಾನಿಯವರ ಕೈಗೆ ಹೋದರೂ ಟವರ್ ವಿಮಾನ ನಿಲ್ದಾಣ ಪ್ರಾಧಿಕಾರದ್ದೇ. ಗುಡ್ಡದ ನೆತ್ತಿ ಸಮತಟ್ಟು ಮಾಡಿದ ರನ್‌ವೇ, ಆಚೀಚೆ ಕಣಿವೆ. 2010ರ ಮೇ 22ರಂದು ಇಲ್ಲೇ ವಿಮಾನ ದುರಂತದಲ್ಲಿ 158 ಜನರನ್ನು ಕಳೆದುಕೊಂಡಿದ್ದೇವೆ. ಒಂದೇ ಮೇಜಿಗೆ ಎರಡು ಹೆಡ್‌ಸೆಟ್, ಒಂದು ಇವಳದು, ಇನ್ನೊಂದು ಗುರುವಿನದು. ಮಾತು ಇವಳದಾದರೂ ಹೊಣೆ ಅವರದು, ಹಾಗಾಗಿ ಅವರ ಬೆರಳು ಮಾತಾಡುವ ಗುಂಡಿಯ ಪಕ್ಕದಲ್ಲೇ ಇರುತ್ತದೆ. ಪಾಳಿ ಮುಗಿದ ಮೇಲೆ ವರದಿ ಬರೆಯುತ್ತಾರೆ. ಕಳೆದ ಸಲ ಇವಳ ಬಗ್ಗೆ ಬರೆದದ್ದು: ಮಾತಿನ ವೇಗ ತಗ್ಗಿದೆ, ಮಳೆ ಜೋರಾದರೆ ಮತ್ತೆ ಏರುತ್ತದೆ. ಮರುದಿನ ಕಡಲ ಕಡೆಯಿಂದ ಕಪ್ಪು ಮೋಡ ಏಳುತ್ತಿದ್ದಂತೆ ಇವಳನ್ನೇ ಕರೆದು ಕುರ್ಚಿಯಲ್ಲಿ ಕೂರಿಸಿದರು.